ಜೀವಹಾನಿ ಆಗಿಲ್ಲವೆಂದು ಮುಚ್ಚಿಹೋದ ದೂರು

ಆಹಾರ ಸುರಕ್ಷತಾ ಇಲಾಖೆಯ ಅತ್ಯುನ್ನತ ಕುರ್ಚಿಯಲ್ಲಿ ಕುಳಿತಿರುವ ಮಾನ್ಯರೇ,

ನನ್ನ ಮಗ ಬದುಕಿಕೊಂಡ. ಇದರಿಂದ ನಿಮ್ಮ ಕಚೇರಿಗೆ ಆಗಿರುವ ಅನುಕೂಲಕ್ಕಾಗಿ ಮೊದಲು ಅಭಿನಂದನೆಗಳು. ನಾನು ಕೊಟ್ಟ ದೂರಿಗೆ ನಿಮ್ಮಿಂದ ಬಂದ ಉತ್ತರದಲ್ಲಿ ಇದ್ದದ್ದು ಒಂದೇ ವಾಕ್ಯ: 'ಸದರಿ ಪ್ರಕರಣದಲ್ಲಿ ಜೀವಹಾನಿ ಸಂಭವಿಸಿಲ್ಲವಾದ ಕಾರಣ ದೂರನ್ನು ಮುಕ್ತಾಯಗೊಳಿಸಲಾಗಿದೆ.' ನಾನು ಅದನ್ನು ಓದಿ ಗಂಡನ ಕೈಗೆ ಕೊಟ್ಟೆ. ಅವರು ಓದಿ, ಮಡಚಿ, ಮೇಜಿನ ಮೇಲಿಟ್ಟು, ಹಿತ್ತಲಿಗೆ ಹೋಗಿ ನಿಂತುಕೊಂಡರು. ಮಾನ್ಯರೇ, ನಿಮ್ಮ ಇಲಾಖೆ ಕಣ್ಣು ತೆರೆಯಬೇಕಾದರೆ ನನ್ನ ಮಗ ಕಣ್ಣು ಮುಚ್ಚಬೇಕಿತ್ತೇ?

ನಾನು ಸಿಟಿ ಬಸ್ ಓಡಿಸುವವಳು. ಗಂಡ ಫ್ರಿಜ್ಜು ರಿಪೇರಿ ಮಾಡುತ್ತಾರೆ. ನಮಗೆ ಇಬ್ಬರು ಮಕ್ಕಳು. ಒಂಬತ್ತು ವರ್ಷದ ಮಗನನ್ನು ಮನೆಯಲ್ಲಿ ರಾಯ ಎನ್ನುತ್ತೇವೆ. ಹಾಗೆ ಕರೆಸಿಕೊಳ್ಳುವ ಗತ್ತು ಅವನಿಗೆ ಹುಟ್ಟಿನಿಂದಲೇ ಬಂದದ್ದು. ಅವನ ತಂಗಿ ಪುಟ್ಟಿ, ಅವನ ಬಾಲ. ರಾಯನಿಗೆ ಗೋಡಂಬಿ, ಬಾದಾಮಿ, ಪಿಸ್ತಾ, ಅಕ್ರೋಟು ಯಾವುದೂ ಆಗುವುದಿಲ್ಲ. ಆಗುವುದಿಲ್ಲ ಎಂದರೆ ಮೈ ತುರಿಸಿ ಸುಮ್ಮನಾಗುವ ಮಾತಲ್ಲ. ಉಗುರಿನಷ್ಟು ಪುಡಿ ಹೊಟ್ಟೆಗೆ ಹೋದರೂ ಗಂಟಲು ಊದಿ ಉಸಿರು ನಿಲ್ಲುತ್ತದೆ. ಅದಕ್ಕೇ ನಾವು ಎಲ್ಲಿ ಹೋದರೂ ಪೆನ್ನಿನಂತಿರುವ ಎರಡು ಇಂಜೆಕ್ಷನ್ನುಗಳು ನಮ್ಮ ಜೊತೆ ಬರುತ್ತವೆ. ಬೇರೆ ತಾಯಂದಿರು ಮನೆಯಿಂದ ಹೊರಡುವಾಗ ಬೀಗ ಹಾಕಿದೆನೋ ಇಲ್ಲವೋ ಎಂದು ನೋಡುತ್ತಾರೆ. ನಾನು ಆ ಎರಡು ಇಂಜೆಕ್ಷನ್ನುಗಳನ್ನು ನೋಡುತ್ತೇನೆ.

ಹಾಗೆಂದು ನಮ್ಮದು ಅಳುಮುಂಜಿ ಮನೆ ಎಂದುಕೊಳ್ಳಬೇಡಿ. ರಾಯ ತನ್ನ ಕಾಯಿಲೆಯನ್ನೇ ಒಂದು ತಮಾಷೆ ಮಾಡಿಕೊಂಡಿದ್ದ. ಯಾರಾದರೂ ತಿನ್ನಲು ಕೊಟ್ಟರೆ ಎರಡೂ ಕೈ ಸೊಂಟದ ಮೇಲಿಟ್ಟು, "ಅಂಕಲ್, ಗೋಡಂಬಿ ಜೊತೆ ನಾನು ಟೂ ಬಿಟ್ಟಿದ್ದೀನಿ. ಬಾದಾಮಿ ಜೊತೆನೂ ಟೂ. ಪುಡಿ ಆದ್ರೂ ಟೂ, ಎಣ್ಣೆ ಆದ್ರೂ ಟೂ. ಇದ್ರಲ್ಲಿ ಅವರ ಕಡೆಯವರು ಯಾರಾದ್ರೂ ಇದಾರಾ?" ಎನ್ನುತ್ತಿದ್ದ. ಜನ ನಗುತ್ತಿದ್ದರು. ನಕ್ಕವರು ನೆನಪಿಟ್ಟುಕೊಳ್ಳುತ್ತಿದ್ದರು. ಅವನ ಪ್ರಾಣ ಕಾಯುವ ವ್ಯವಸ್ಥೆ ಎಂದು ಈ ದೇಶದಲ್ಲಿ ಏನಾದರೂ ಇದ್ದರೆ ಅದು ಅವನ ಆ ಭಾಷಣವೊಂದೇ ಆಗಿತ್ತು.

ಈ ಬೇಸಿಗೆ ರಜೆಯಲ್ಲಿ ಸಮುದ್ರ ನೋಡಲು ಹೋದೆವು. ಬೇಸಿಗೆ ಎಂದರೆ ಫ್ರಿಜ್ಜು ಕೆಡುವ ಕಾಲ, ನನ್ನ ಗಂಡನಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಆದರೂ ಮಕ್ಕಳು ಹಟ ಹಿಡಿದಿದ್ದರಿಂದ ಅಂಗಡಿಗೆ ಬಾಗಿಲು ಹಾಕಿ ಹೊರಟರು. ನಾವು ಹಿಡಿದ ಕೋಣೆಯ ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ ಕಾಣುತ್ತಿತ್ತು. ಸಮುದ್ರ ಬರೀ ಕೇಳುತ್ತಿತ್ತು. ಮಕ್ಕಳಿಗೆ ಅಷ್ಟೇ ಸಾಕಾಗಿತ್ತು. ಕಷ್ಟ ಶುರುವಾದದ್ದು ಊಟದ ಹೊತ್ತಿಗೆ.

ಮೊದಲನೆಯ ಹೋಟೆಲಿನಲ್ಲಿ ಮ್ಯಾನೇಜರು ನಾನು ಹೇಳಿದ್ದನ್ನೆಲ್ಲ ಕೇಳಿ, "ಅಮ್ಮಾ, ಇಷ್ಟೆಲ್ಲ ತೊಂದ್ರೆ ಇದ್ರೆ ಮಗೂನ ಮನೇಲೇ ಇಟ್ಕೋಬಹುದಲ್ವಾ? ಆಮೇಲೆ ಏನಾದ್ರೂ ಆದ್ರೆ ನಮ್ಮ ತಲೆ ಮೇಲೆ ಬರುತ್ತೆ" ಎಂದು ಕೈಮುಗಿದರು. ಎರಡನೆಯ ಕಡೆ ಬಡಿಸುವವನು ವೈದ್ಯನೇ ಆಗಿಬಿಟ್ಟ: "ಸ್ವಲ್ಪ ಸ್ವಲ್ಪ ತಿನ್ನಿಸಿ ನೋಡಿ ಮೇಡಂ, ಎಲ್ಲ ಅಭ್ಯಾಸ ಆಗುತ್ತೆ. ನಮ್ಮಕ್ಕನ ಮಗಳಿಗೂ ಬದನೆಕಾಯಿ ಸೇರ್ತಿರಲಿಲ್ಲ, ಈಗ ತಿಂತಾಳೆ." ಇವರ ಮೇಲೆ ನನಗೆ ಸಿಟ್ಟಿಲ್ಲ. ಒಬ್ಬ ನಮ್ಮನ್ನು ಹೊರಗೆ ಕಳಿಸಿದ, ಇನ್ನೊಬ್ಬ ನಾವೇ ಎದ್ದು ಹೋಗುವಂತೆ ಮಾಡಿದ. ಇಬ್ಬರಿಂದಲೂ ನನ್ನ ಮಗನಿಗೆ ಕೇಡಾಗಲಿಲ್ಲ. ಕೋಣೆಗೆ ಮರಳಿ, ಮಂಚದ ಮೇಲೆ ಪೇಪರು ಹಾಸಿಕೊಂಡು ಬ್ರೆಡ್ಡು, ಬಾಳೆಹಣ್ಣು, ಬೇಯಿಸಿದ ಮೊಟ್ಟೆ ತಿಂದೆವು. ಪ್ರತಿ ಊಟವೂ ಹಾಗೆಯೇ ನಡೆಯಿತು. ಪುಟ್ಟಿ ಒಂದು ಸಲ, "ಅಮ್ಮಾ, ನಾವು ರಜಾಕ್ಕೆ ಬಂದಿದೀವಾ, ಜ್ವರ ಬಂದು ಮಲಗಿದೀವಾ?" ಎಂದಳು. ನಾವೆಲ್ಲ ನಕ್ಕೆವು. ರಾಯ ಮಾತ್ರ ನಗಲಿಲ್ಲ.

ಊರಿಗೆ ಹೊರಡುವ ಹಿಂದಿನ ದಿನ, ಬೀಚಿನಿಂದ ವಾಪಸಾಗುವ ದಾರಿಯಲ್ಲಿ ರಾಯನೇ ಅದನ್ನು ಕಂಡು ಹಿಡಿದದ್ದು. ಒಂದು ಹೋಟೆಲಿನ ಗಾಜಿನ ಬಾಗಿಲ ಮೇಲೆ ಹಸಿರು ಬಣ್ಣದ ಲಾಂಛನ: ಚಮಚ ಹಿಡಿದು ನಗುತ್ತಿರುವ ಮಗು, ಸುತ್ತಲೂ 'ಮಕ್ಕಳಿಗೆ ಸುರಕ್ಷಿತ ಅಡುಗೆಮನೆ' ಎಂಬ ಅಕ್ಷರ, ಕೆಳಗೆ ನಿಮ್ಮ ಇಲಾಖೆಯ ಮುದ್ರೆ. "ಅಮ್ಮಾ ನೋಡು, ಸರ್ಕಾರನೇ ಹೇಳಿದೆ. ಇಲ್ಲಿ ನಾನು ತಿನ್ನಬಹುದು!" ಎಂದು ಓಡಿಬಂದ. ಮಾನ್ಯರೇ, ಒಂಬತ್ತು ವರ್ಷದ ಹುಡುಗನೊಬ್ಬ ನಿಮ್ಮ ಇಲಾಖೆಯನ್ನು ಅಷ್ಟೊಂದು ಖುಷಿಯಿಂದ ನಂಬಿದ್ದನ್ನು ನೀವು ಎಂದಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ.

ಒಳಗೆ ಬಿಳಿ ಬಟ್ಟೆ ಹಾಸಿದ ಮೇಜುಗಳು, ಬಟ್ಟೆಯ ಕರವಸ್ತ್ರಗಳು. ಪುಟ್ಟಿ ಕರವಸ್ತ್ರವನ್ನು ತಲೆಗೆ ಕಟ್ಟಿಕೊಂಡಳು. ಆರ್ಡರ್ ತೆಗೆದುಕೊಳ್ಳಲು ಬಂದಾಕೆ ಒಳ್ಳೆಯ ಹೆಂಗಸು, ನನ್ನ ವಯಸ್ಸಿನವಳು. ರಾಯ ಎದ್ದು ನಿಂತು ಸೊಂಟದ ಮೇಲೆ ಕೈಯಿಟ್ಟು ತನ್ನ ಭಾಷಣ ಮಾಡಿದ. ಆಕೆ ನಕ್ಕಳು, ಆದರೆ ಹಗುರವಾಗಿ ತೆಗೆದುಕೊಳ್ಳಲಿಲ್ಲ. "ಇರು ರಾಜಾ, ಅಡುಗೆಯವರನ್ನೇ ಕೇಳ್ಕೊಂಡು ಬರ್ತೀನಿ" ಎಂದು ಒಳಗೆ ಹೋದಳು. ಬಂದು, "ತರಕಾರಿ ಸೂಪು, ಅನ್ನ, ಬೇಯಿಸಿದ ತರಕಾರಿ. ಮೂರಕ್ಕೂ ಒಂದು ಗೋಡಂಬಿನೂ ಹಾಕಿಲ್ಲ ಅಂದ್ರು. ಬಾಣಲೆನೂ ತೊಳೆದು ಇಟ್ಕೊಂಡಿದ್ದಾರೆ" ಎಂದಳು. ಇನ್ನೇನು ಕೇಳಬೇಕಿತ್ತು ನಾನು? ನೀವೇ ಹೇಳಿ. ನಿಮ್ಮ ಮುದ್ರೆ ಬಾಗಿಲ ಮೇಲಿತ್ತು, ಮಗ ಕೇಳಿದ್ದ, ನಾನು ಕೇಳಿದ್ದೆ, ಆಕೆ ಕೇಳಿಬಂದಿದ್ದಳು.

ಸೂಪು ಬಂತು. ರಾಯ ಬಟ್ಟಲಿನ ಮೇಲೆ ಬಗ್ಗಿ ಆವಿಯನ್ನು ಮುಖಕ್ಕೆ ತಗುಲಿಸಿಕೊಂಡ. ಒಂದು ಚಮಚ ಕುಡಿದು ಅಪ್ಪನ ಕಡೆ ನೋಡಿ ಹುಬ್ಬು ಹಾರಿಸಿದ. ಇನ್ನೊಂದು ಕುಡಿದ. ಮತ್ತೊಂದಕ್ಕೆ ಕೈ ಎತ್ತಿದವನು ಚಮಚವನ್ನು ಮೆಲ್ಲಗೆ ಕೆಳಗಿಟ್ಟ. "ಅಮ್ಮಾ, ನಾಲಿಗೆ ದಪ್ಪ ಆಗ್ತಿದೆ" ಎಂದ. ಜೋರಾಗಿ ಹೇಳಲಿಲ್ಲ. ಪಕ್ಕದ ಮೇಜಿನವರಿಗೆ ತೊಂದರೆಯಾಗಬಾರದೆಂಬಂತೆ ಹೇಳಿದ.

ನನ್ನ ಗಂಡ ಇಂಜೆಕ್ಷನ್ ತೆಗೆದು ಅವನ ತೊಡೆಗೆ ಚುಚ್ಚಿದರು. ಅಷ್ಟರಲ್ಲಿ ಕಣ್ಣ ರೆಪ್ಪೆಗಳು ಊದಿಕೊಂಡಿದ್ದವು, ತುಟಿ ನೀಲಿಗೆ ತಿರುಗುತ್ತಿತ್ತು, ಉಸಿರಿನಲ್ಲಿ ಸಿಳ್ಳೆಯಂಥ ಸದ್ದು. ಆಂಬುಲೆನ್ಸಿಗೆ ಫೋನು ಮಾಡಿದರೆ ಕಾಯಿರಿ ಎಂದರು. ಕಾಯಲು ನಮ್ಮ ಹತ್ತಿರ ಏನಿತ್ತು? ಆ ಹೆಂಗಸು ಹೋಟೆಲಿನ ತರಕಾರಿ ವ್ಯಾನಿನ ಕೀ ತಂದು ನನ್ನ ಕೈಗೆ ಹಾಕಿ, "ಬಲಕ್ಕೆ ತಿರುಗಿ ನೇರ ಹೋಗಿ, ದೊಡ್ಡಾಸ್ಪತ್ರೆ ಸಿಗುತ್ತೆ. ಚಿಕ್ಕವಳು ನನ್ನ ಹತ್ರ ಇರಲಿ" ಎಂದಳು. ಊರವರ ಮಕ್ಕಳನ್ನೆಲ್ಲ ಸ್ಕೂಲಿಗೆ, ಆಟಕ್ಕೆ, ಪರೀಕ್ಷೆಗೆ ತಲುಪಿಸಿದ ಕೈ ಇದು. ಆ ದಾರಿಯುದ್ದಕ್ಕೂ ಹಾರನ್ನಿನ ಮೇಲಿಂದ ಏಳಲಿಲ್ಲ. ಹಿಂದೆ ಈರುಳ್ಳಿ ಚೀಲಗಳ ನಡುವೆ ಕುಳಿತ ನನ್ನ ಗಂಡ ಅವನನ್ನು ತೊಡೆಯ ಮೇಲೆ ಒರಗಿಸಿಕೊಂಡು, "ರಾಯಾ, ಉಸಿರು ತಗೋ. ಅಪ್ಪ ಇದೀನಿ, ತಗೋ. ಇನ್ನೊಂದು. ಇನ್ನೊಂದೇ ಒಂದು ತಗೋ ಮರಿ" ಎನ್ನುತ್ತಿದ್ದರು. ಎರಡನೆಯ ಇಂಜೆಕ್ಷನ್ನನ್ನೂ ಚುಚ್ಚಿದರು. ಆಮೇಲೆ ಅವರ ಮಾತು ನಿಂತಿತು. ನಾನು ಹಿಂದೆ ತಿರುಗಿ ನೋಡದೆ ವ್ಯಾನು ಓಡಿಸಿದೆ. ನೋಡಿದ್ದರೆ ಓಡಿಸಲಾಗುತ್ತಿರಲಿಲ್ಲ.

ವೈದ್ಯರು ಅವನನ್ನು ಉಳಿಸಿದರು. ಗಂಟಲಿಗೆ ಕೊಳವೆ ಹಾಕಿ, ಯಂತ್ರದಿಂದ ಉಸಿರು ಕೊಟ್ಟು, ಉಳಿಸಿದರು.

ಮರುದಿನ ಆಸ್ಪತ್ರೆಗೆ ಹೋಟೆಲಿನ ಅಡುಗೆಯವರು ಬಂದರು. ಕೈಯಲ್ಲಿ ಒಂದು ಖಾಲಿ ಡಬ್ಬ. "ಅಕ್ಕಾ, ನಾನು ಸುಳ್ಳು ಹೇಳಿಲ್ಲ. ಗೋಡಂಬಿ ಹಾಕೇ ಇಲ್ಲ. ಸೂಪು ಗಟ್ಟಿ ಆಗಲಿ ಅಂತ ಈ ಪೇಸ್ಟು ಒಂದು ಸೌಟು ಹಾಕಿದ್ದೆ. ಇದ್ರಲ್ಲಿ ಅದು ಇತ್ತಂತೆ. ಇವತ್ತು ಕಂಪನಿಗೆ ಫೋನ್ ಮಾಡಿ ಕೇಳಿದೆ" ಎಂದು ಗೋಡೆಗೆ ಹಣೆ ಆನಿಸಿಕೊಂಡು ಅತ್ತರು. ಡಬ್ಬವನ್ನು ಎಲ್ಲ ಕಡೆಯಿಂದ ತಿರುಗಿಸಿ ನೋಡಿದೆ. ಅದರ ಮೇಲೆ 'ಬಿಳಿ ಪೇಸ್ಟ್, ಹೋಟೆಲ್ ಬಳಕೆಗೆ' ಎಂದಷ್ಟೇ ಇತ್ತು. ಅಂಗಡಿಯಲ್ಲಿ ಮಾರುವ ಸಣ್ಣ ಪೊಟ್ಟಣದ ಮೇಲೆ ಒಳಗೇನಿದೆ ಎಂದು ಬರೆಯಲೇಬೇಕು, ಹೋಟೆಲಿಗೆ ಹೋಗುವ ದೊಡ್ಡ ಡಬ್ಬದ ಮೇಲೆ ಬರೆಯಬೇಕಾಗಿಲ್ಲ: ಇದು ನಿಮ್ಮ ಇಲಾಖೆಯದೇ ವಿನಾಯಿತಿ. ಎಂಥ ಸೂಕ್ಷ್ಮ ಬುದ್ಧಿ! ಒಂದು ಮನೆಯವರು ತಿನ್ನುವ ಪೊಟ್ಟಣಕ್ಕೆ ನಿಯಮ, ಒಂದು ಊರೇ ತಿನ್ನುವ ಡಬ್ಬಕ್ಕೆ ವಿನಾಯಿತಿ! ಅಡುಗೆಯವರಿಗೇ ಗೊತ್ತಿರದ ಸಂಗತಿಯನ್ನು ಅಡುಗೆಯವರಿಂದ ಕೇಳಿ ತಿಳಿದುಕೊಳ್ಳಬೇಕಾದ ನಾವು, ಇದೆಲ್ಲದರ ಮೇಲೆ ನಗುವ ಮಗುವಿನ ಚಿತ್ರ ಅಂಟಿಸುವ ನೀವು. ಆ ಅಡುಗೆಮನೆಗೆ ಮುದ್ರೆ ಕೊಡುವಾಗ ನಿಮ್ಮವರು ನೋಡಿದ್ದು ಏನನ್ನು ಗೊತ್ತೇ? ಅಡುಗೆಯವರೇ ಹೇಳಿದರು: ನೆಲದ ಹಾಸುಗಲ್ಲು, ಕೈತೊಳೆಯುವ ತೊಟ್ಟಿ, ತಲೆಯ ಟೋಪಿ. ಎಲ್ಲವೂ ಬಲು ಚೊಕ್ಕಟವಾಗಿದ್ದವಂತೆ. ನಿಜ, ನಾನೂ ನೋಡಿದ್ದೇನೆ. ನನ್ನ ಮಗ ಬಹಳ ಚೊಕ್ಕಟವಾದ ಜಾಗದಲ್ಲಿ ಉಸಿರು ಕಳೆದುಕೊಂಡ.

ನಾನು ಬೆಳಿಗ್ಗೆ ಬಸ್ಸು ಹೊರಡಿಸುವ ಮೊದಲು ಬ್ರೇಕು ಒತ್ತಿ ನೋಡುತ್ತೇನೆ. 'ಈ ಬಸ್ಸಿನಲ್ಲಿ ಬ್ರೇಕು ಇರಲೂಬಹುದು, ಇಲ್ಲದಿರಲೂಬಹುದು' ಎಂದು ಬೋರ್ಡು ತಗುಲಿಸಿ ಹೊರಟರೆ ನೀವು ನನ್ನನ್ನು ಬಿಡುತ್ತೀರಾ? ಇಳಿಜಾರಿನಲ್ಲಿ ಉರುಳಿಯೂ ಪ್ರಯಾಣಿಕರು ಬದುಕಿಕೊಂಡರೆ, ಜೀವಹಾನಿಯಾಗಿಲ್ಲವೆಂದು ಕಡತ ಮುಚ್ಚುತ್ತೀರಾ?

ಇನ್ನು ಹಾನಿಯ ವಿಷಯ. ಕೊಳವೆ ತೆಗೆದ ಮೇಲೆ ರಾಯನ ಗಂಟಲಿನಿಂದ ಬಂದ ಮೊದಲ ಮಾತು, "ಅಮ್ಮಾ, ಸಾರಿ. ಎಲ್ಲರ ಊಟ ಹಾಳು ಮಾಡಿದೆ." ಇದಕ್ಕೆ ನಿಮ್ಮ ಕಾನೂನಿನಲ್ಲಿ ಹಾನಿ ಎಂಬ ಹೆಸರಿಲ್ಲ. ಮನೆಗೆ ಬಂದ ಮೇಲೆ ಅವನು ಆ ಭಾಷಣವನ್ನು ಮತ್ತೆ ಮಾಡಿಲ್ಲ. ಯಾರಾದರೂ ಏನಾದರೂ ಕೊಟ್ಟರೆ "ಹಸಿವಿಲ್ಲ" ಎನ್ನುತ್ತಾನೆ, ಅಷ್ಟೇ. ನಾನು ನನ್ನ ಕೈಯಾರೆ ಮಾಡಿದ ಅನ್ನವನ್ನೂ ಅಗುಳು ಅಗುಳಾಗಿ ಬಿಡಿಸಿ ನೋಡುತ್ತಾನೆ. ಪುಟ್ಟಿ ಈಗ ಅಣ್ಣನ ತಟ್ಟೆಯಿಂದ ಮೊದಲ ತುತ್ತು ತಾನೇ ತಿನ್ನುತ್ತಾಳೆ. ನುಂಗಿ, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕಾದು, "ನಂಗೇನೂ ಆಗ್ಲಿಲ್ಲ ಅಣ್ಣಾ, ನೀನು ತಿನ್ನು" ಎನ್ನುತ್ತಾಳೆ. ಅವಳಿಗೆ ಯಾವ ಅಲರ್ಜಿಯೂ ಇಲ್ಲ, ಅವಳು ತಿಂದು ನೋಡಿದರೆ ಏನೂ ತಿಳಿಯುವುದಿಲ್ಲ ಎಂದು ಐದು ವರ್ಷದ ಮಗುವಿಗೆ ಹೇಗೆ ಹೇಳಲಿ? ರಾಯನಿಗೆ ಅದು ಗೊತ್ತು. ಆದರೂ ಅವಳ ಮುಖ ನೋಡಿ, "ಥ್ಯಾಂಕ್ಸ್ ಪುಟ್ಟಿ" ಎಂದು ಹೆದರುತ್ತಲೇ ಒಂದು ತುತ್ತು ಬಾಯಿಗಿಡುತ್ತಾನೆ.

ಮೊನ್ನೆ ನನ್ನ ಗಂಡ, ಮುಂದಿನ ವರ್ಷ ಬೆಟ್ಟದ ಕಡೆ ಹೋಗೋಣ ಎಂದು ಸುಮ್ಮನೆ ಮಾತು ತೆಗೆದರು. ರಾಯ ಹೋಂವರ್ಕ್ ಪುಸ್ತಕದಿಂದ ತಲೆ ಎತ್ತದೆ, "ನೀವು ಮೂರು ಜನ ಹೋಗಿ ಬನ್ನಿ ಅಪ್ಪಾ. ನಾನು ಅಜ್ಜಿ ಹತ್ರ ಇರ್ತೀನಿ. ಪುಟ್ಟಿಗೆ ಹೋಟೆಲ್ ಅಂದ್ರೆ ಇಷ್ಟ" ಎಂದ. ಮುನಿಸಿನಿಂದ ಹೇಳಿದ್ದರೆ ಗದರಬಹುದಿತ್ತು. ಅವನು ಲೆಕ್ಕ ಹಾಕಿ, ತನ್ನನ್ನು ಕಳೆದು, ನಮಗೆ ಸುಖವಾಗಲಿ ಎಂದು ಹೇಳಿದ. ಮಾನ್ಯರೇ, ಒಂಬತ್ತು ವರ್ಷಕ್ಕೆ ಒಂದು ಮಗು ತನ್ನ ಮನೆಯವರ ಸಂತೋಷದಿಂದ ತನ್ನನ್ನು ತಾನೇ ಹೊರಗಿಟ್ಟುಕೊಳ್ಳುವುದನ್ನು ಕಲಿತರೆ, ಅಲ್ಲಿ ಹೋದದ್ದು ಜೀವವಲ್ಲದೆ ಮತ್ತೇನು?

ನನಗೆ ಪರಿಹಾರ ಬೇಡ. ಆ ಅಡುಗೆಯವರಿಗೆ ಶಿಕ್ಷೆಯೂ ಬೇಡ. ಅವರು ಈಗಲೂ ಫೋನು ಮಾಡಿ ಮಗ ಹೇಗಿದ್ದಾನೆ ಎಂದು ಕೇಳುತ್ತಾರೆ, ನಿಮ್ಮ ಕಚೇರಿಯಿಂದ ಇಂದಿಗೂ ಯಾರೂ ಕೇಳಿಲ್ಲ. ಮುಚ್ಚಿದ ದೂರನ್ನು ತೆರೆಯಿರಿ. ಹೋಟೆಲಿಗೆ ಹೋಗುವ ಪ್ರತಿ ಡಬ್ಬದ ಮೇಲೆ ಒಳಗಿರುವುದೆಲ್ಲವನ್ನೂ ಕಣ್ಣಿಗೆ ಕಾಣುವ ಅಕ್ಷರದಲ್ಲಿ ಬರೆಸಿರಿ. ಅಲ್ಲಿಯವರೆಗೆ ಆ ನಗುವ ಮಗುವನ್ನು ಎಲ್ಲ ಬಾಗಿಲುಗಳಿಂದ ಕಿತ್ತು ತೆಗೆಸಿರಿ. ಅದನ್ನು ನೋಡಿ ಇನ್ನೊಂದು ಮಗು ಅಮ್ಮನ ಕೈ ಎಳೆದುಕೊಂಡು ಓಡಿಬರುವುದು ಬೇಡ.

ಮುಂದಿನ ತಿಂಗಳು ನನ್ನ ತಮ್ಮನ ಮದುವೆ. ಸೋದರಮಾವನ ಮದುವೆಗೆಂದು ರಾಯ ಹೊಸ ಅಂಗಿ ಹೊಲಿಸಿಕೊಂಡಿದ್ದಾನೆ. ನಿನ್ನೆ ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತು ನನ್ನನ್ನು ಕರೆದ. "ಅಮ್ಮಾ, ಫೋಟೋಕ್ಕೆಲ್ಲ ನಾನು ನಿಲ್ತೀನಿ. ಊಟಕ್ಕೆ ಕೂರೋವಾಗ ಮಾತ್ರ ಹೊರಗೆ ಹೋಗ್ತೀನಿ. ಯಾರಾದ್ರೂ ಕೇಳಿದ್ರೆ ಆಟ ಆಡ್ತಿದಾನೆ ಅನ್ನು" ಎಂದ. ಅವನ ಕಾಲರು ಸರಿಮಾಡುವ ನೆವದಲ್ಲಿ ನಾನು ಅವನ ಹಿಂದೆ ನಿಂತೆ, ಕನ್ನಡಿಯಲ್ಲಿ ನನ್ನ ಮುಖ ಕಾಣಬಾರದೆಂದು.

ಇಂತಿ,
ತಮ್ಮನ ಮದುವೆಯ ಊಟದ ಹೊತ್ತಿಗೆ ಛತ್ರದ ಹೊರಗೆ, ಮೆಟ್ಟಿಲ ಮೇಲೆ, ಮಗನ ಪಕ್ಕ ಕುಳಿತಿರಲಿರುವ
ಒಬ್ಬ ಬಸ್ ಚಾಲಕಿ