ಮಂಡಿಯೊಳಗಿನ ಕಪ್ಪು ಪಟ್ಟಿ

ಅಪ್ಪಾ, ತೀರಿಹೋದ ನೀವು ಇದನ್ನು ಓದಲಾರಿರಿ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ, ಸುದ್ದಿ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. ನನ್ನ ಮಂಡಿಯ ಲಿಗಮೆಂಟ್ ಹರಿದಿಲ್ಲ. ಮೂರು ವಾರ ಬಿಟ್ಟು ಮತ್ತೆ ಏಣಿ ಹತ್ತಿ ಗೋಡೆಗೆ ಬಣ್ಣ ಹೊಡೆಯಬಹುದಂತೆ. ಎಂಆರ್‌ಐ ಯಂತ್ರ ದಡದಡ ಬಡಿಯುವಾಗ ಹೆದರಿ ಕಾಲು ನಡುಗಿ, ಮೊದಲ ಚಿತ್ರವೆಲ್ಲ ಮಸುಕಾಯಿತು.

“ಯಜಮಾನ್ರೇ, ನಾವು ಫೋಟೋ ತೆಗೀತಿದ್ರೆ ನಿಮ್ಮ ಮಂಡಿ ಕುಣೀತಾ ಇದೆಯಲ್ಲ,” ಎಂದಳು ಯಂತ್ರ ನಡೆಸುವಾಕೆ.

ಎರಡನೆಯ ಸಲ ಹಲ್ಲು ಕಚ್ಚಿ ಮಲಗಿದೆ. ಡಾಕ್ಟರು ಚಿತ್ರದಲ್ಲಿ ಮೂಳೆಯಿಂದ ಮೂಳೆಗೆ ಬಿಗಿದು ನಿಂತ ಕಪ್ಪು ಪಟ್ಟಿಯನ್ನು ತೋರಿಸಿ, “ಇದು ಹರಿದಿದ್ರೆ ಮೆಟ್ಟಿಲು ಇಳಿಯುವಾಗ ಮಂಡಿ ಕೈಕೊಡ್ತಿತ್ತು,” ಎಂದರು.

ಇಳಿಯುವಾಗ ಮಂಡಿ ಕೈಕೊಡುತ್ತದೆ ಎಂದು ನೀವೂ ಹೇಳಿ ಏಣಿಯ ಬುಡದಲ್ಲಿ ಕೂರುತ್ತಿದ್ದಿರಿ. ಕೆಲಸ ತಪ್ಪಿಸುವ ನೆಪ ಎಂದು ನಾನು ನಗುತ್ತಿದ್ದೆ.

ಹರಿದದ್ದು ಹೇಗೆ ಕಾಣುತ್ತದೆ, ಅದನ್ನೂ ಒಮ್ಮೆ ತೋರಿಸಿ ಎಂದು ಡಾಕ್ಟರನ್ನು ಕೇಳಿದೆ.