ಪಡಿತರ ಚೀಟಿಯಲ್ಲಿಲ್ಲದ ತಾಯಿ

ಕ್ಯಾನ್ಸರ್ ತಪಾಸಣಾ ಶಿಬಿರಗಳ ಅರ್ಜಿ ನಮೂನೆಗೆ ಸಹಿ ಹಾಕುವ ಅಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ತಮ್ಮ ಶಿಬಿರಗಳಲ್ಲಿ ಹೆಂಗಸರಿಂದ ತುಂಬಿಸಿಕೊಳ್ಳುವ ನಮೂನೆಯ ನಾಲ್ಕನೇ ಪ್ರಶ್ನೆಯಲ್ಲಿ ಒಂದು ತಪ್ಪಿದೆ. "ಕುಟುಂಬದಲ್ಲಿ ಯಾರಿಗಾದರೂ ಕ್ಯಾನ್ಸರ್ ಬಂದಿತ್ತೇ?" ಎಂಬ ಪ್ರಶ್ನೆಯೇನೋ ಸರಿಯಾಗಿದೆ. ಅದರ ಕೆಳಗೆ ಸಣ್ಣಕ್ಷರದಲ್ಲಿ "ಕುಟುಂಬ ಎಂದರೆ ಪಡಿತರ ಚೀಟಿಯಲ್ಲಿ ಹೆಸರಿರುವವರು" ಎಂದು ಒಂದು ಸಾಲಿದೆ. ಅದನ್ನು ಅಳಿಸಬೇಕು. ಈ ಪತ್ರದ ಬೇಡಿಕೆ ಇಷ್ಟೇ. ಕಡತಗಳ ಮಧ್ಯೆ ತಮಗೆ ಬಿಡುವಿಲ್ಲದಿದ್ದರೆ ಇಲ್ಲಿಗೇ ಓದು ನಿಲ್ಲಿಸಿ, ಪೆನ್ನು ತೆಗೆದು ಆ ಸಾಲನ್ನು ಹೊಡೆದುಹಾಕಬಹುದು. ಬಿಡುವಿದ್ದರೆ ಮುಂದೆ ಓದಿ. ಆ ಸಾಲನ್ನು ಬರೆಸಿದ ಮಹಾನುಭಾವರು ಯಾರು ಎಂಬುದೂ ತಿಳಿಯುತ್ತದೆ.

ನಾನು ರಾಜಾಜಿನಗರದ ಒಂದು ಆಸ್ಪತ್ರೆಯ ಕ್ಯಾನ್ಸರ್ ವಿಭಾಗದಲ್ಲಿ ಜೆನೆಟಿಕ್ ಕೌನ್ಸೆಲರ್. ಹಾಗೆಂದರೇನು ಎಂದು ಹನ್ನೊಂದು ವರ್ಷದಿಂದ ನಮ್ಮಮ್ಮನಿಗೇ ಅರ್ಥ ಮಾಡಿಸಲು ನನ್ನಿಂದ ಆಗಿಲ್ಲ. ಪಕ್ಕದ ಮನೆಯವರು ಕೇಳಿದರೆ ಅಮ್ಮ, "ಡಾಕ್ಟ್ರಲ್ಲ, ನರ್ಸೂ ಅಲ್ಲ, ಆಸ್ಪತ್ರೇಲಿ ಕೂತ್ಕೊಂಡು ಮಾತಾಡ್ತಾಳೆ" ಎನ್ನುತ್ತಾರೆ. ಬಾಗಿಲ ಮೇಲಿನ ಬೋರ್ಡು ನೋಡಿ ಒಬ್ಬ ಹಿರಿಯರು ಮಗನ ಸಿಇಟಿ ರ್ಯಾಂಕಿನ ಕಾಗದ ಹಿಡಿದು ಒಳಗೆ ಬಂದಿದ್ದೂ ಉಂಟು. ಅವರಿಗೂ ನನ್ನಿಂದ ಉಪಯೋಗವಾಗಲಿಲ್ಲ.

ಕೆಲಸ ಇಷ್ಟೇ. ನೂರು ಜನರ ಕ್ಯಾನ್ಸರಿನಲ್ಲಿ ಐದರಿಂದ ಹತ್ತು ಜನರದ್ದು ಹೆತ್ತವರಿಂದ ಮಕ್ಕಳಿಗೆ ಇಳಿದು ಬರುವ ಜೀನಿನ ದೋಷದಿಂದ ಆಗಿರುತ್ತದೆ. ಅಂಥವರನ್ನು ಗುರುತಿಸಲು ನಾನು ಬಂದವರನ್ನು ಕೂರಿಸಿಕೊಂಡು ಮೂರು ತಲೆಮಾರಿನ ವಂಶವೃಕ್ಷ ಬರೆಯುತ್ತೇನೆ. ಗಂಡಸರಿಗೆ ಚೌಕ, ಹೆಂಗಸರಿಗೆ ದುಂಡು, ಕ್ಯಾನ್ಸರ್ ಬಂದವರಿಗೆ ಕಪ್ಪು ಮಸಿ. ಸೋದರಮಾವನನ್ನೇ ಕಟ್ಟಿಕೊಂಡವರು ಬಂದರೆ ಗೆರೆಗಳು ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದು ಹಾಳೆ ರಂಗೋಲಿಯಾಗುತ್ತದೆ. ಎಲ್ಲ ಮುಗಿಸಿ "ದೋಷ ಇದೆ" ಎಂದು ಗಂಭೀರವಾಗಿ ಹೇಳಿದರೆ, ಹಾಗಾದರೆ ಯಾವ ದೇವಸ್ಥಾನಕ್ಕೆ ಹೋಗಬೇಕು ಎಂದು ಕೇಳುತ್ತಾರೆ. ಜಾತಕ ನೋಡುವವರಾಗಿದ್ದರೆ ತಕ್ಷಣ ಹೇಳುತ್ತಿದ್ದರು. ನಾನು ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸಿ ಎನ್ನುತ್ತೇನೆ. ಸಪ್ಪೆ ಪರಿಹಾರ, ಒಪ್ಪುತ್ತೇನೆ. ಆದರೆ ಹಾಗೆ ಮಾಡಿಸಿಕೊಂಡ ಹೆಣ್ಣುಮಕ್ಕಳಲ್ಲಿ ಗಂಟು ಕಡಲೆಬೀಜದಷ್ಟಿರುವಾಗಲೇ ಸಿಕ್ಕಿ, ಅವರು ಇವತ್ತಿಗೂ ವಿಜಯನಗರದ ಮಾರುಕಟ್ಟೆಯಲ್ಲಿ ಸೊಪ್ಪಿಗೆ ಚೌಕಾಸಿ ಮಾಡುತ್ತಾ ಓಡಾಡಿಕೊಂಡಿದ್ದಾರೆ.

ರಮ್ಯಳ ಗಂಟು ಹಾಗೆ ಬೇಗ ಸಿಗಲಿಲ್ಲ. ಒಂದೂವರೆ ವರ್ಷದ ಹಿಂದೆ ಆಕೆ ನನ್ನ ಕೋಣೆಗೆ ಬಂದಾಗ ಎದೆಯ ಕ್ಯಾನ್ಸರ್ ಮೂರನೇ ಹಂತದಲ್ಲಿತ್ತು. ವಯಸ್ಸು ಮೂವತ್ತನಾಲ್ಕು, ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿನಲ್ಲಿ ಟೈಲರ್ ಕೆಲಸ, ಮನೆ ಹೆಗ್ಗನಹಳ್ಳಿ, ಓದುವ ಒಬ್ಬಳು ಮಗಳು. ಜೊತೆಗೆ ಅತ್ತೆ ಅಕ್ಕಯ್ಯಮ್ಮ ಬಂದಿದ್ದರು. ನಾನು ಸೊಸೆಯನ್ನು ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟವರು ಅವರೇ. ತಮ್ಮ ಮನೆಯಲ್ಲಿ ನಾಲ್ಕು ತಲೆಮಾರಿನಿಂದ ಯಾರಿಗೂ ಇಂಥ ಕಾಯಿಲೆ ಇಲ್ಲ, ಎಲ್ಲರೂ ರಾಗಿಮುದ್ದೆ ಉಂಡು ತೊಂಬತ್ತು ದಾಟಿದವರು ಎಂದು, ಹೆಣ್ಣು ನೋಡಲು ಬಂದವರ ಮುಂದೆ ಹೇಳುವ ಹಾಗೆ ಹೇಳಿದರು. ನಾನು ಅವರನ್ನು ಕಾಫಿಗೆ ಕಳಿಸಿ ರಮ್ಯಳನ್ನು ಮತ್ತೆ ಕೇಳಿದೆ. ಅವಳ ತಾಯಿ ನಲವತ್ತೆರಡಕ್ಕೆ ಅಂಡಾಶಯದ ಕ್ಯಾನ್ಸರಿನಿಂದ ಹೊಟ್ಟೆಯಲ್ಲಿ ನೀರು ತುಂಬಿ ಹೋಗಿದ್ದರು. ದೊಡ್ಡಮ್ಮನಿಗೆ ಎದೆಯಲ್ಲಿ ಗಂಟು. ಅಜ್ಜಿಗೂ ಅದೇ. ನನ್ನ ಹಾಳೆಯಲ್ಲಿ ಸಾಲಾಗಿ ಮೂರು ದುಂಡುಗಳು ಕಪ್ಪಾದವು.

ಇದಕ್ಕೂ ಮೊದಲು ಯಾರೂ ಇದನ್ನೆಲ್ಲ ಕೇಳಲಿಲ್ಲವೇ ಎಂದೆ. ಕೇಳಿದ್ದರು. ಅದಕ್ಕೂ ಒಂದೂವರೆ ವರ್ಷ ಮುಂಚೆ, ಮೈಯಲ್ಲಿ ಯಾವ ಗಂಟೂ ಇಲ್ಲದಿದ್ದಾಗ, ಅವಳು ಹೆಗ್ಗನಹಳ್ಳಿಯಲ್ಲಿ ನಡೆದ ತಮ್ಮ ಶಿಬಿರಕ್ಕೆ ತಾನಾಗಿಯೇ ಹೋಗಿದ್ದಳು.

"ಅಮ್ಮಂದು ಹೇಳ್ಬೋದಾ ಅಂತ ನಾನೇ ಕೇಳ್ದೆ ಮೇಡಂ. ರೇಷನ್ ಕಾರ್ಡಲ್ಲಿ ಹೆಸರಿದ್ರೆ ಮಾತ್ರ ಅಂದ್ರು. ಅಮ್ಮ ತವರಿನೋರಲ್ವಾ, ಅದಕ್ಕೆ ಇಲ್ಲ ಅಂತ ಬರೆಸ್ದೆ."

ಅವಳಿಗೆ ಕಬ್ಬಿಣಾಂಶದ ಮಾತ್ರೆ ಕೊಟ್ಟು ಕಳಿಸಿದ್ದರು. ಆ ದಿನ "ಹೌದು" ಎಂದು ಬರೆದುಕೊಂಡಿದ್ದರೆ ತಮ್ಮದೇ ನಿಯಮದಂತೆ ನನ್ನ ಬಳಿಗೆ ಶಿಫಾರಸು ಚೀಟಿ ಬರುತ್ತಿತ್ತು. ಬಂದಿದ್ದರೆ ಉಳಿಯುತ್ತಿದ್ದಳೇ? ನಮ್ಮ ವೃತ್ತಿಯವರು ಖಚಿತವಾಗಿ ಏನನ್ನೂ ಹೇಳುವುದಿಲ್ಲ, ಶೇಕಡಾವಾರು ಹೇಳುತ್ತೇವೆ. ಈ ಒಂದು ವಿಷಯದಲ್ಲಿ ಆ ಶೇಕಡಾವಾರನ್ನು ಲೆಕ್ಕ ಹಾಕುವ ಧೈರ್ಯ ನನಗೆ ಬಂದಿಲ್ಲ.

ಈಗ ಆ ಸಾಲಿನ ಕರ್ತೃವಿನ ವಿಷಯಕ್ಕೆ ಬರೋಣ. ನಾಲ್ಕು ವರ್ಷದ ಹಿಂದೆ ತಮ್ಮ ಕಚೇರಿಯಲ್ಲಿ ನಮೂನೆ ಸಮಿತಿಯ ಸಭೆ ನಡೆಯಿತು. ತಜ್ಞರ ಕುರ್ಚಿಯಲ್ಲಿ ಒಬ್ಬ ಹೆಂಗಸು ಕೂತಿದ್ದರು. ಮುಂದೆ ಹೆಸರಿನ ಫಲಕ ಇಟ್ಟಿದ್ದರು. ಅದರ ಫೋಟೊ ತೆಗೆದು ಆಕೆ ಮೇಜಿನ ಕೆಳಗಿಂದಲೇ ಅಮ್ಮನಿಗೆ ಕಳಿಸಿಯೂ ಆಗಿತ್ತು. ಗಂಟೆ ಒಂದೂಕಾಲು. ಹೊರಗೆ ಊಟದ ಪಾತ್ರೆಗಳ ಮುಚ್ಚಳ ತೆಗೆದ ಸದ್ದಿಗೂ ಬಿಸಿಬೇಳೆಬಾತಿನ ಘಮಕ್ಕೂ ಸಮಿತಿಯ ಗಮನ ಹರಿದಿದ್ದ ಹೊತ್ತಿಗೆ, ಆಗಿನ ಅಧಿಕಾರಿಗಳು ಕುಟುಂಬ ಎಂದರೆ ಯಾರ್ಯಾರು ಎಂದು ಒಂದು ವಿವರಣೆ ಬೇಕಲ್ಲ ಎಂದರು. ತಜ್ಞೆ ಒಂದು ಕ್ಷಣವೂ ಯೋಚಿಸದೆ, "ರೇಷನ್ ಕಾರ್ಡಲ್ಲಿ ಎಲ್ಲರ ಹೆಸರೂ ಇರತ್ತಲ್ಲ ಸರ್, ಅದನ್ನೇ ಹಾಕಿ" ಎಂದರು. ಎಷ್ಟು ಪ್ರಾಯೋಗಿಕ ಸಲಹೆ ಎಂದು ಎಲ್ಲರೂ ತಲೆದೂಗಿದರು. ತಿಂಗಳೊಳಗೆ ಆಕೆಯ ಮನೆಗೆ ಮೆಚ್ಚುಗೆ ಪತ್ರ ಬಂತು. ಆಕೆ ಅದಕ್ಕೆ ಫ್ರೇಮು ಹಾಕಿಸಿ ಗೋಡೆಗೆ ತೂಗುಹಾಕಿದರು.

ಮಾನ್ಯರೇ, ಆ ತಜ್ಞೆ ನಾನೇ.

ಅಕ್ಕಿ ಹಂಚಲು ಒಂದು ಒಲೆಯ ಸುತ್ತ ಉಣ್ಣುವವರನ್ನು ಎಣಿಸುವುದು ಸರಿ. ಆದರೆ ರಮ್ಯಳ ಚೀಟಿಯಲ್ಲಿದ್ದವರು ಯಾರು? ಗಂಡ, ಅತ್ತೆ, ಮಗಳು. ಗಂಡನ ಜೀನಿಗೂ ಅತ್ತೆಯ ಜೀನಿಗೂ ಅವಳಿಗೂ ಏನು ಸಂಬಂಧ? ಅಕ್ಕಯ್ಯಮ್ಮನಿಗೆ ಕ್ಯಾನ್ಸರ್ ಇದ್ದಿದ್ದರೆ ನಮ್ಮ ನಮೂನೆಯ ಪ್ರಕಾರ ಸೊಸೆಗೆ ಅಪಾಯವಿದೆ ಎಂದು ಶಿಫಾರಸು ಚೀಟಿ ಸಿಗುತ್ತಿತ್ತು. ಹೆತ್ತ ತಾಯಿ ಸತ್ತಿದ್ದಕ್ಕೆ ಕಬ್ಬಿಣದ ಮಾತ್ರೆ ಸಿಕ್ಕಿತು. ಕ್ಯಾನ್ಸರ್ ರಕ್ತದಲ್ಲಿ ಬರುವುದಲ್ಲ, ನ್ಯಾಯಬೆಲೆ ಅಂಗಡಿಯ ಅಕ್ಕಿಯಲ್ಲಿ ಬರುವುದು ಎಂಬ ಹೊಸ ಸಿದ್ಧಾಂತವನ್ನು ನಾನು ಮಂಡಿಸಿದೆ, ತಾವು ಮುದ್ರಿಸಿದಿರಿ. ಬೇರೆ ದೇಶದ ವಿಜ್ಞಾನಿಗಳಿಗೆ ಇದು ಇನ್ನೂ ತಿಳಿದಿಲ್ಲ ಎಂಬುದೇ ಸಮಾಧಾನ.

ಇದು ಕಲಿಯದವರ ತಪ್ಪು ಎನ್ನುವಂತಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆಯನ್ನು ಹೆಗ್ಗನಹಳ್ಳಿಯವರು ಬಾಯಲ್ಲಿ ಹೇಳುತ್ತಾರೆ, ಬಸವೇಶ್ವರನಗರದವರು ಹೇಳದೆಯೇ ಪಾಲಿಸುತ್ತೇವೆ. ಓದುವಾಗ ನಮ್ಮ ನಮ್ಮ ವಂಶವೃಕ್ಷ ಬರೆದು ತರಲು ಹೇಳಿದ್ದರು. ನಾನು ಬರೆದ ಚಿತ್ರದಲ್ಲಿ ಅಪ್ಪನ ತಂಗಿ ಇರಲೇ ಇಲ್ಲ. ಆ ಅತ್ತೆ ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದರು, ಅದೇ ಬೆಳಿಗ್ಗೆ ನನಗೆ ಅಕ್ಕಿರೊಟ್ಟಿ ಮಾಡಿ ಹಾಕಿದ್ದರು. ಮೇಷ್ಟ್ರು ಹತ್ತಕ್ಕೆ ಒಂಬತ್ತು ಅಂಕ ಕೊಟ್ಟರು. ಅವರಿಗೂ ಕಾಣಲಿಲ್ಲ.

ಆ ಸಾಲು ನನ್ನದು ಎಂದು ರಮ್ಯಳಿಗೆ ಹೇಳಲು ನನಗೆ ಏಳು ತಿಂಗಳು ಬೇಕಾಯಿತು. ಕೀಮೊ ವಾರ್ಡಿನಲ್ಲಿ ಅವಳ ಪಕ್ಕ ಕೂತು, ತಲೆ ತಗ್ಗಿಸಿಕೊಂಡು, ಸಭೆ, ಬಿಸಿಬೇಳೆಬಾತು, ಮೆಚ್ಚುಗೆ ಪತ್ರ ಎಲ್ಲವನ್ನೂ ಒಪ್ಪಿಸಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಹೇಳಿದಳು:

"ನಮ್ ಲೈನಲ್ಲಿ ಹೊಲಿಗೆ ತಪ್ಪಿದ್ರೆ ಪೀಸ್ ವಾಪಸ್ ಬರತ್ತೆ ಮೇಡಂ. ಯಾರು ಹೊಲಿದಿದ್ರೋ ಅವ್ರೇ ಬಿಚ್ಚಿ ಹೊಲೀಬೇಕು. ನಿಮ್ ಕಡೆ ವಾಪಸ್ ಬರಲ್ವಾ? ಅನುಗಾದ್ರೂ ಸರಿಯಾಗಿ ಬರ್ಕೊಳ್ಳಿ."

ಅನು ಅವಳ ತಂಗಿ. ಮೂಡಲಪಾಳ್ಯಕ್ಕೆ ಮದುವೆಯಾಗಿದೆ, ಇಪ್ಪತ್ತೊಂಬತ್ತು ವರ್ಷ. ಅಕ್ಕನ ಪರೀಕ್ಷೆಯಲ್ಲಿ ಸಿಕ್ಕ ಜೀನಿನ ದೋಷ ಅವಳಿಗೂ ಇರುವ ಸಾಧ್ಯತೆ ಅರ್ಧಕ್ಕರ್ಧ.

ಬಿಚ್ಚಿ ಹೊಲಿಯಲು ನಾನು ಹೊರಟೆ. ಮಾರನೇ ದಿನವೇ ತಮ್ಮ ಕಚೇರಿಗೆ ಪತ್ರ ಬರೆದೆ. ನಮೂನೆಯನ್ನು ತಜ್ಞರ ಶಿಫಾರಸಿನಂತೆ ರೂಪಿಸಲಾಗಿದೆ, ಬದಲಾವಣೆಗೆ ತಜ್ಞರ ಅಭಿಪ್ರಾಯ ಅಗತ್ಯ ಎಂದು ಉತ್ತರ ಬಂತು. ಎರಡು ತಿಂಗಳ ಮೇಲೆ ನನ್ನ ವಿಳಾಸಕ್ಕೇ ಒಂದು ಲಕೋಟೆ ಬಂತು. ಯಾರೋ ಒಬ್ಬರು ನಾಲ್ಕನೇ ಪ್ರಶ್ನೆಯ ಬಗ್ಗೆ ದೂರಿದ್ದಾರೆ, ತಜ್ಞರಾದ ತಾವು ಅಭಿಪ್ರಾಯ ತಿಳಿಸಿ ಎಂದು ಅದರಲ್ಲಿತ್ತು. ದೂರು ನನ್ನದೇ. ದೂರುದಾರರು ಹೇಳಿದ್ದು ನೂರಕ್ಕೆ ನೂರು ಸರಿ, ತಜ್ಞೆಯೇ ದಡ್ಡಿ ಎಂದು ಅಭಿಪ್ರಾಯ ಬರೆದು, ಮೊಹರು ಒತ್ತಿ ಕಳಿಸಿದೆ. ದೂರುದಾರರೂ ತಜ್ಞರೂ ಒಬ್ಬರೇ ಆಗಿರುವುದು ಗಮನಕ್ಕೆ ಬಂದಿರುವುದರಿಂದ ಅಭಿಪ್ರಾಯವನ್ನು ಪರಿಗಣಿಸಲಾಗದು ಎಂದು ಉತ್ತರ ಬಂತು. ತಮ್ಮ ಕಚೇರಿಯ ನಿಷ್ಪಕ್ಷಪಾತಕ್ಕೆ ಕೈಮುಗಿದೆ. ಊಟದ ಆತುರದಲ್ಲಿ ನಾನು ಬಾಯಿಬಿಟ್ಟಾಗ ಒಂದೇ ನಿಮಿಷದಲ್ಲಿ ಒಪ್ಪಿದವರು, ಯೋಚನೆ ಮಾಡಿ ಬರೆದಾಗ ವರ್ಷವಾಗುತ್ತ ಬಂದರೂ ಒಪ್ಪಿಲ್ಲ. ತಜ್ಞರ ಬೆಲೆ ಊಟಕ್ಕೆ ಮೊದಲು ಮಾತ್ರವೇ?

ರಮ್ಯ ಈ ಫೆಬ್ರವರಿಯಲ್ಲಿ ತೀರಿಕೊಂಡಳು.

ಏಪ್ರಿಲಿನಲ್ಲಿ ಹೆಗ್ಗನಹಳ್ಳಿಯಲ್ಲಿ ಮತ್ತೆ ಶಿಬಿರ ನಡೆಯಿತು. ಅಕ್ಕನ ಮಗಳನ್ನು ನೋಡಿಕೊಳ್ಳಲು ಬಂದಿದ್ದ ಅನು ಅಲ್ಲಿಗೆ ಹೋದಳು. ರೋಗ ಬಂದವರು ನನ್ನ ಕೋಣೆಗೆ ನೇರವಾಗಿ ಬರಬಹುದು. ಆರೋಗ್ಯವಾಗಿರುವವರಿಗೆ ಸರ್ಕಾರದ ಯೋಜನೆಯಲ್ಲಿ ಉಚಿತವಾಗಿ ಜೀನ್ ಪರೀಕ್ಷೆ ಆಗಬೇಕಾದರೆ ಶಿಬಿರದ ಶಿಫಾರಸು ಚೀಟಿ ಬೇಕೇ ಬೇಕು ಎಂಬುದು ತಮ್ಮ ನಿಯಮ. ಕಂಪ್ಯೂಟರಿನ ಮುಂದೆ ಕೂತಿದ್ದವರು ಆಶಾ ಕಾರ್ಯಕರ್ತೆ ದಾನಮ್ಮ. ಅಂದು ರಮ್ಯಳಿಗೆ "ಇಲ್ಲ" ಎಂದು ಬರೆದುಕೊಂಡವರೂ ಅವರೇ, ಅವಳ ಸಾವಿಗೆ ಹೋಗಿ ಅತ್ತು ಬಂದವರೂ ಅವರೇ. ಈ ಸಲ ಅವರು ನಿಯಮ ಮುರಿದು "ಹೌದು" ಒತ್ತಿದರು. ಚೀಟಿಯಲ್ಲಿರುವ ಯಾವ ಸದಸ್ಯರಿಗೆ ಎಂದು ಕಂಪ್ಯೂಟರ್ ಕೇಳಿತು. ಅನುವಿನ ಚೀಟಿಯಲ್ಲಿ ತಾಯಿಯೂ ಇಲ್ಲ, ಅಕ್ಕನೂ ಇಲ್ಲ. ಅರ್ಜಿ ಮುಂದೆ ಹೋಗಲಿಲ್ಲ. ದಾನಮ್ಮ ಅಲ್ಲಿಂದಲೇ ನನಗೆ ಫೋನ್ ಮಾಡಿ, ಇಂಥ ಫಾರಂ ಮಾಡಿದ ಪುಣ್ಯಾತ್ಮರು ಯಾರು ಎಂದು ಕೇಳಿದರು. ವಿಚಾರಿಸಿ ಹೇಳುತ್ತೇನೆ ಎಂದೆ. ಈ ಪತ್ರದ ಪ್ರತಿಯನ್ನು ಪತ್ರಿಕೆಗೂ ಕಳಿಸಿದ್ದೇನೆ, ಅಚ್ಚಾದ ಮೇಲೆ ಅವರಿಗೆ ಗೊತ್ತಾಗುತ್ತದೆ.

ಅನು ಇನ್ನೂ ಕಾಯುತ್ತಿದ್ದಾಳೆ. ಅವಳ ತಾಯಿಗೆ ಕಾಯಿಲೆ ಬಂದ ವಯಸ್ಸು, ಅಕ್ಕನಿಗೆ ಬಂದ ವಯಸ್ಸು ಎರಡೂ ನನ್ನ ಹಾಳೆಯಲ್ಲಿವೆ. ಅವಳಿಗೆ ತುಂಬಾ ಕಾಯುವಷ್ಟು ಪುರುಸೊತ್ತಿಲ್ಲ.

ಹೋದ ಸೋಮವಾರ ಅಕ್ಕಯ್ಯಮ್ಮ ಬಂದಿದ್ದರು, ಮೊಮ್ಮಗಳ ಕೈಹಿಡಿದುಕೊಂಡು. ಮಗುವಿಗೆ ಹನ್ನೊಂದು ವರ್ಷ. ಹದಿನೆಂಟು ತುಂಬುವವರೆಗೆ ಪರೀಕ್ಷೆ ಮಾಡುವುದಿಲ್ಲ, ಈಗ ಭಯಪಡುವಂಥದ್ದೇನೂ ಇಲ್ಲ ಎಂದು ಹೇಳಿದೆ. ಅವರು ಅದಕ್ಕೆ ಬಂದಿರಲಿಲ್ಲ. ಪ್ಲಾಸ್ಟಿಕ್ ಕವರಿನಿಂದ ರೇಷನ್ ಕಾರ್ಡ್ ತೆಗೆದು ನನ್ನ ಮುಂದಿಟ್ಟರು. ಗಂಡ, ಅತ್ತೆ, ಮಗಳು ಇದ್ದರು. ಸತ್ತವರ ಹೆಸರು ತೆಗೆಸಬೇಕೆಂದು ಯಾರೋ ಹೇಳಿದ್ದರು. ಮೂರೇ ವಾರದಲ್ಲಿ ರಮ್ಯಳ ಹೆಸರು ಹೋಗಿತ್ತು.

"ನಾಳೆ ಇವಳು ದೊಡ್ಡವಳಾಗಿ ನಿಮ್ ಶಿಬಿರಕ್ಕೆ ಹೋದ್ರೆ, ಮನೇಲಿ ಯಾರ್ಗೂ ಇರ್ಲಿಲ್ಲ ಅಂತಾನೇ ಬರ್ಕೊಳ್ತಾರಲ್ವಾ ಮೇಡಂ?" ಎಂದರು. "ನಾನು ಅವತ್ತು ನಮ್ ಮನೇದು ಮಾತ್ರ ಹೇಳ್ದೆ. ಇವತ್ತು ಅವರಮ್ಮನ ಕಡೇದೆಲ್ಲ ಬರೀರಿ. ಒಂದೂ ಬಿಡ್ಬೇಡಿ."

ಇಷ್ಟು ಓದಿದ ನನಗೆ, ಇಡೀ ಸಮಿತಿಗೆ, ತಮ್ಮ ಕಚೇರಿಗೆ ಹೊಳೆಯದ್ದು ಶಾಲೆಯ ಮೆಟ್ಟಿಲು ಹತ್ತದ ಆ ಮುದುಕಿಗೆ ಹೊಳೆಯಿತು. ನಾನು ಹೊಸ ಹಾಳೆ ತೆಗೆದುಕೊಂಡು ಬರೆದೆ. ಅಜ್ಜಿ, ದೊಡ್ಡಜ್ಜಿ, ಮುತ್ತಜ್ಜಿ. ತಾಯಿಯ ದುಂಡಿಗೆ ಮಸಿ ತುಂಬುವಾಗ ಮಗು ಬಗ್ಗಿ ನೋಡಿ, ಇದು ಅಮ್ಮನಾ ಎಂದು ಕೇಳಿತು. ಹೌದು ಎಂದೆ. ಹಾಗಾದರೆ ಪಕ್ಕದಲ್ಲಿ ಹೆಸರು ಬರೆಯಿರಿ ಎಂದಿತು. ನಮ್ಮಲ್ಲಿ ಹೆಸರು ಬರೆಯುವ ಪದ್ಧತಿಯಿಲ್ಲ. ಬರೆದೆ.

ಆದ್ದರಿಂದ ಮಾನ್ಯರೇ, ನಾಲ್ಕನೇ ಪ್ರಶ್ನೆಯ ಕೆಳಗಿನ ಸಾಲನ್ನು ಅಳಿಸಿ, ಆ ಜಾಗದಲ್ಲಿ "ತಾಯಿ, ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮ, ಅಪ್ಪನ ಅಕ್ಕತಂಗಿಯರು, ಅಕ್ಕ, ತಂಗಿ, ತಂದೆ, ಅಣ್ಣತಮ್ಮಂದಿರು, ಬದುಕಿದ್ದರೂ ಸರಿ, ಸತ್ತಿದ್ದರೂ ಸರಿ" ಎಂದು ಹಾಕಿಸಿ. ಅನುವಿನ ಅರ್ಜಿಯನ್ನು ಈ ವಾರವೇ ಸ್ವೀಕರಿಸಿ. ಮೆಚ್ಚುಗೆ ಪತ್ರವನ್ನು ಫ್ರೇಮಿನಿಂದ ಬಿಡಿಸಿ ಇದರ ಜೊತೆ ಲಗತ್ತಿಸಿದ್ದೇನೆ. ಹೊಲಿಗೆ ತಪ್ಪಿದ ಪೀಸನ್ನು ವಾಪಸ್ ಕಳಿಸುವ ಪದ್ಧತಿ ತಮ್ಮಲ್ಲಿ ಇಲ್ಲದಿದ್ದರೆ ಇದರಿಂದಲೇ ಶುರುವಾಗಲಿ. ಗೋಡೆಯ ಆ ಮೊಳೆಗೆ ಈಗ ಆ ಮಗುವಿನ ಹಾಳೆಯ ಪ್ರತಿ ತೂಗುಹಾಕಿದ್ದೇನೆ.

ಇಂತಿ,
ನಾಲ್ಕನೇ ಪ್ರಶ್ನೆಯ ಕರ್ತೃ, ದೂರುದಾರಳು ಮತ್ತು ಪರಿಗಣಿಸಲಾಗದ ತಜ್ಞೆ,
ಪ್ರಭಾ
ಬಸವೇಶ್ವರನಗರ