ಎಲೆ ಎತ್ತುವ ಸರದಿ

ಅವ್ವಾ,

ಎಲ್ಲಿದ್ದರೂ ಸ್ವಲ್ಪ ಈ ಕಡೆ ತಿರುಗಿ ಕೂತುಕೋ. ಕುಂಟುಗಾಲು ಚಾಚಿಕೋ, ಅವಸರವೇನಿಲ್ಲ. ನಿನಗೆ ಓದು ಬರುವುದಿಲ್ಲ ಅಂತ ಗೊತ್ತು, ಆದರೂ ಬರೆಯುತ್ತಿದ್ದೇನೆ. ಅಪ್ಪ ಅಲ್ಲೇ ಇದ್ದಾನಲ್ಲ, ಅವನ ಕೈಗೆ ಕೊಡು. ಜೋರಾಗಿ ಓದು ಅನ್ನು. ಇದು ಅವನ ಅಣ್ಣನ ಸುದ್ದಿ, ಅವನೂ ಕೇಳಿಸಿಕೊಳ್ಳಲಿ.

ಈರಭದ್ರಪ್ಪನ ಪೂಜೆಯ ದಿನ ನೀನು ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗುತ್ತಿದ್ದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ನಮ್ಮ ವಂಶದಲ್ಲಿ ಎರಡೇ ಮನೆ, ದೊಡ್ಡಪ್ಪನದು, ನಮ್ಮದು. ಅರಳಿಕಟ್ಟೆ ಹತ್ತಿರ ಎರಡು ಮನೆಯ ಗಾಡಿಯೂ ಜೋಡಿಯಾಗಿ ನಿಲ್ಲಬೇಕು, ಪೂಜಾರಿ ಕಾಯಿ ಒಡೆದ ಸದ್ದಿಗೆ ಹೊರಡಬೇಕು. ತೋಟದೊಳಗಿನ ಗುಡಿ ಮೊದಲು ಮುಟ್ಟಿದವರಿಗೆ ಮೊದಲ ಪೂಜೆ. ಸೋತ ಮನೆಯವರು ಊಟವಾದ ಮೇಲೆ ಬಂದ ನೆಂಟರೆಲ್ಲರ ಎಂಜಲೆಲೆ ಎತ್ತಬೇಕು. ತಾತನ ಕಾಲದಲ್ಲಿ ಇದು ಅಣ್ಣತಮ್ಮಂದಿರ ತಮಾಷೆಯಂತೆ. ಒಂದು ವರ್ಷ ಇವರು ಎತ್ತಿದರೆ ಮತ್ತೊಂದು ವರ್ಷ ಅವರು, ನಗುನಗುತ್ತಾ. ಅಪ್ಪ ಹೋದ ಮೇಲೆ ತಮಾಷೆಯೂ ಹೋಯಿತು, ನಮ್ಮ ಪಾಲಿಗೆ ಎಲೆ ಮಾತ್ರ ಉಳಿಯಿತು.

ನೀನೇ ಗಾಡಿ ಕಟ್ಟಿದ ಆ ವರ್ಷ ಊರೆಲ್ಲ ಬಾಯಿ ಬಿಟ್ಟುಕೊಂಡು ನೋಡಿತಲ್ಲ! ನಾನಿನ್ನೂ ಲಂಗ ತೊಡುತ್ತಿದ್ದೆ. ಹಗ್ಗ ನಿನ್ನ ಕೈಯಲ್ಲಿ, ನಾನು ಕಟ್ಟೆ ಮೇಲೆ. ದೊಡ್ಡಪ್ಪನ ಎತ್ತುಗಳಿಗಿಂತ ನಮ್ಮವು ಒಂದು ಮಾರು ಮುಂದಿದ್ದವು. ತೋಟದ ಬಾಗಿಲು ಇನ್ನೇನು ಸಿಕ್ಕಿತು ಅನ್ನುವಾಗ ಎಡಗಾಲಿ ಕಳಚಿಕೊಂಡು ಉರುಳಿಹೋಯಿತು. ಗಾಡಿ ನಿನ್ನ ಸೊಂಟದ ಮೇಲೆ... ಬೇಡ, ಅದನ್ನು ಬರೆಯಲಾರೆ. ನಿನ್ನನ್ನು ಎತ್ತುವ ಮೊದಲೇ ದೊಡ್ಡಪ್ಪ ಹೆಗಲ ಟವಲ್ಲು ಕೊಡವಿ ಹೇಳಿದ್ದು ನನ್ನ ಕಿವಿಯಲ್ಲಿ ಕೂತಿದೆ. "ಗಂಡಸಿಲ್ದ ಮನೆ ಗಾಡಿ ಕಣ್ರಪ್ಪ, ದೇವ್ರು ಒಪ್ಲಿಲ್ಲ. ಇನ್ಮ್ಯಾಲೆ ಇವರ ಗಾಡಿ ಸಾಲಿಗೆ ಬ್ಯಾಡ ಬುಡಿ." ಎಲ್ಲರೂ ಹೌದು ಹೌದು ಅಂದರು. ಗಾಡಿ ಬೇಡವಾಯಿತು, ಎಲೆ ಎತ್ತುವ ಕೈ ಬೇಕಾಯಿತು! ಕಾಲೆಳೆದುಕೊಂಡು ವರ್ಷಾವರ್ಷ ಹೋಗಿ ಎತ್ತಿ ಬಂದೆಯಲ್ಲ ಅವ್ವಾ, ಒಂದು ಸಲವಾದರೂ ಉಗಿಯಬಾರದಿತ್ತಾ?

ನಿನ್ನ ಸೊಂಟಕ್ಕೆ ಎಣ್ಣೆ ತಿಕ್ಕುವಾಗಲೆಲ್ಲ ಒಂದೇ ಮಾತು ಹೇಳುತ್ತಿದ್ದೆ. "ಕಡಾಣಿ ನಾನೇ ಬಡ್ದಿದ್ದೆ ಕಣೇ ಕಮಲಿ. ಕಲ್ ತಗಂಡು ಬಡ್ದಿದ್ದೆ. ಅದೆಂಗೆ ಬಿತ್ತು?" ಗಾಲಿ ಕಳಚದ ಹಾಗೆ ಹಿಡಿಯುವ ಕಬ್ಬಿಣದ ಮೊಳೆ, ಗಟ್ಟಿಯಾಗಿ ಬಡಿದರೆ ತಾನಾಗಿ ಬೀಳುವ ವಸ್ತುವಲ್ಲ. ನಿನಗೆ ಅನುಮಾನ ನಿನ್ನ ಕೈಯ ಮೇಲೆಯೇ ಇತ್ತು. ಸಾಯುವವರೆಗೂ ಆ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡೆ. ಕೇಳು, ಅದು ಬೀಳಲಿಲ್ಲ.

ನೀನು ಹೋದ ಮೇಲೆ ಊಟ ಹಾಕಿಸಿದ ಗಣಾರಾಧನೆಯ ದಿನ ನಾನು ಪಾಯಸದ ಬಕೆಟ್ಟು ಹಿಡಿದು ಜಗಲಿಗೆ ಬರುತ್ತಿದ್ದೆ. ದೊಡ್ಡಪ್ಪ ಉಂಡು, ಪಾಯಸದ ಲೋಟ ಹಿಡಿದುಕೊಂಡು, ತನ್ನ ಬೀಗರ ಪಕ್ಕ ಒರಗಿ ಕೂತಿದ್ದ. "ಆ ಕಡಾಣಿ ಎಳ್ದೋನು ನಾನೇ ಕಣಪ್ಪ. ಹೆಂಗ್ಸು ಗೆದ್ದಿದ್ರೆ ನಮ್ಮ ಮೂತಿ ಎಲ್ಲಿಟ್ಕಳಾದು?" ಅಂದು ಹಲ್ಲು ಕಿಸಿದ. ನಿನ್ನ ಮನೆಯ ಜಗಲಿ, ನಿನ್ನ ಹೆಸರಿನ ಪಾಯಸ, ಅವನ ಬಾಯಿಗೆ ಮಣ್ಣು ಹಾಕ! ನನ್ನ ಬಾಯಿ ಎಂಥದು ಅಂತ ನಿನಗೆ ಗೊತ್ತು. ಆದರೂ ಆವತ್ತು ಅವನ ಲೋಟಕ್ಕೆ ಇನ್ನೊಂದು ಸೌಟು ಪಾಯಸ ಬಡಿಸಿದೆ. ಬಡಿಸುತ್ತಲೇ ತೀರ್ಮಾನ ಮಾಡಿದೆ, ಇವನ ಕೈಯಲ್ಲಿ ನಿನ್ನ ಎಲೆ ಎತ್ತಿಸುತ್ತೇನೆ. ಅಟ್ಟಕ್ಕೆ ಹಾಕಿದ ಕಾಯಿ ಕೊಬ್ಬರಿಯಾಗುವಷ್ಟು ಕಾಲ ಹಲ್ಲು ಕಚ್ಚಿಕೊಂಡಿದ್ದೆ.

ಮೊದಲ ಸಲ ನಮ್ಮ ಕಾರು ಹತ್ತಿದಾಗ ನೀನು ಕೇಳಿದ್ದು ನೆನಪಿದೆಯಾ? "ಇದ್ಯಾಕೇ ಕೆಮ್ಮೋದೇ ಇಲ್ಲ? ಜೀವ ಐತೋ ಇಲ್ವೋ?" ನಿನ್ನನ್ನು ತುರುವೇಕೆರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿಬರಲು ಅಂತಲೇ ತಂದ ಹಳೇ ಎಲೆಕ್ಟ್ರಿಕ್ ಕಾರು ಅದು. ಇಬ್ಬರು ಕೂತರೆ ತುಂಬಿತು, ಏರು ಸಿಕ್ಕಿದರೆ ಸೈಕಲ್ಲಿನವನೂ ಹಿಂದೆ ಹಾಕುತ್ತಿದ್ದ. ಮಹೇಶ ಅದಕ್ಕೆ ಬ್ಯಾಟ್ರಿ ಡಬ್ಬಿ ಅಂತ ಹೆಸರಿಟ್ಟಿದ್ದ. ದೊಡ್ಡಪ್ಪನ ಮಗನಲ್ಲವಾ, ಹೆಸರಿಡುವುದರಲ್ಲಿ ಅಪ್ಪನಿಗಿಂತ ಮುಂದೆ. ಅವನದು ಬೆಟ್ಟದಂಥ ಡೀಸೆಲ್ ಗಾಡಿ. ಎತ್ತು ಹೋದ ಮೇಲೆ ಸಾಲಿಗೆ ಅದೊಂದೇ ನಿಂತು, ಅದೊಂದೇ ಓಡಿ, ಅದೊಂದೇ ಗೆಲ್ಲುತ್ತಿತ್ತು.

ತಿಪಟೂರಿನ ನನ್ನ ಅಂಗಡಿಯಲ್ಲಿ ಮೋಟಾರಿಗೆ ತಾಮ್ರದ ತಂತಿ ಸುತ್ತುವುದನ್ನು ಮೂಲೆಯಲ್ಲಿ ಕೂತು ನೋಡುತ್ತಿದ್ದೆಯಲ್ಲ, ಆ ಮೂಲೆಯಲ್ಲೇ ಕೆಲಸ ಶುರುಮಾಡಿದೆ. ಕಟ್ಟೆಯಿಂದ ಗುಡಿಗೆ ಎಷ್ಟು ದೂರ? ಒಂದು ಕೂಗಳತೆ. ಅದರಲ್ಲೂ ತೋಟದ ಗೇಟಿನಲ್ಲಿ ಒಂದೇ ಗಾಡಿ ಹಿಡಿಸುತ್ತದೆ. ಗೇಟು ಮೊದಲು ಹೊಕ್ಕವರು ಗೆದ್ದ ಹಾಗೆಯೇ. ಅಂದರೆ ಗಾಡಿ ಎಷ್ಟು ಜೋರಾಗಿ ಓಡುತ್ತದೆ ಅನ್ನುವುದಲ್ಲ, ನಿಂತ ಜಾಗದಿಂದ ಎಷ್ಟು ಬೇಗ ಏಳುತ್ತದೆ ಅನ್ನುವುದೇ ಎಲ್ಲ. ಡೀಸೆಲ್ ಇಂಜಿನ್ನು ಎದ್ದು, ಉಸಿರು ತೆಗೆದುಕೊಂಡು, ಆಮೇಲೆ ಎಳೆಯುವಂಥದ್ದು. ಕರೆಂಟಿನ ಮೋಟಾರಿಗೆ ಮೊದಲ ಸುತ್ತಿನಿಂದಲೇ ಪೂರಾ ಬಲ. ಬೆಂಗಳೂರಿನ ಗುಜರಿಯಿಂದ ಅಪಘಾತವಾದ ಕಾರೊಂದರ ದೊಡ್ಡ ಮೋಟಾರು ತಂದು, ಕೂರಿಸುವುದಕ್ಕೆ ಕಬ್ಬಿಣದ ಪ್ಲೇಟು ಮಾಡಿಸಿ, ನಮ್ಮ ಹಳೆಯದನ್ನು ಬಿಚ್ಚಿ ಇಳಿಸಿದೆ.

ಹೊಸ ಮೋಟಾರು ಕೂರಿಸಿ ಮೊದಲ ಸಲ ಪೆಡಲ್ ಒತ್ತಿದ ದಿನ ನೀನಿದ್ದಿದ್ದರೆ ನನ್ನ ಮುಖ ನೋಡಿ ನಗುತ್ತಿದ್ದೆ. ಕಾರು ಹಳೇ ಕಾರೇ! ಅದೇ ಬಸುರಿ ನಡಿಗೆ. ದೊಡ್ಡ ಪಂಪು ಇಟ್ಟು ಸಣ್ಣ ಪೈಪು ಜೋಡಿಸಿದರೆ ನೀರೆಲ್ಲಿಂದ ಬರಬೇಕು? ಬ್ಯಾಟರಿಯಿಂದ ಮೋಟಾರಿಗೆ ಎಷ್ಟು ಕರೆಂಟು ಬಿಡಬೇಕು ಅಂತ ಅಳೆದು ಕೊಡುವ ಕಂಟ್ರೋಲರು ಹಳೆಯದೇ ಇತ್ತು. ಅದನ್ನು ಬದಲಾಯಿಸಿದೆ, ಹೆಬ್ಬೆರಳು ಗಾತ್ರದ ಕೇಬಲ್ ಎಳೆದೆ. ಅಷ್ಟು ಕರೆಂಟನ್ನು ಒಮ್ಮೆಗೇ ಕೊಡುವ ಶಕ್ತಿ ಹಳೇ ಬ್ಯಾಟರಿಗಿರಲಿಲ್ಲ, ಅದನ್ನೂ ಬದಲಾಯಿಸಿದೆ. ಹುಚ್ಚಿ ಅಂದುಕೊಳ್ಳಬೇಡ, ಬ್ರೇಕನ್ನೂ ದೊಡ್ಡದು ಹಾಕಿಸಿದೆ. ಗೆದ್ದು ದೇವರ ಗೋಡೆಗೆ ಗುದ್ದಿದರೆ ಅದೊಂದು ಮಾತು ಬರುತ್ತಿತ್ತು. ಇಂಥ ಗಾಡಿಯನ್ನು ಟಾರು ರಸ್ತೆಗೆ ಇಳಿಸುವ ಹಾಗಿಲ್ಲ, ಕಾನೂನು ಒಪ್ಪುವುದಿಲ್ಲ. ಆದರೆ ಕಟ್ಟೆ, ದಾರಿ, ತೋಟ ಎಲ್ಲ ನಮ್ಮ ವಂಶದ್ದೇ ತಾನೇ?

ಲಾರಿಗೆ ಹೇರಿ ಊರಿಗೆ ತಂದು ನಮ್ಮ ತೋಟದ ಮಣ್ಣಿನಲ್ಲಿ ಮತ್ತೆ ನೋಡಿದಾಗ ಬೇರೆಯೇ ರಗಳೆ. ಪೆಡಲ್ ಒತ್ತಿದರೆ ಹಿಂದಿನ ಚಕ್ರ ಗಿರ್‍ರೆಂದು ಅಲ್ಲೇ ತಿರುಗಿ ಗುಂಡಿ ತೋಡಿತು, ಕಾರು ಅಲ್ಲಾಡಲಿಲ್ಲ. ಬಲ ಬಂದಿತ್ತು, ಹಿಡಿತ ಇರಲಿಲ್ಲ. ಇಂಗ್ಲಿಷಿನಲ್ಲಿ ಏನೇನೋ ಓದಿದೆ, ಕೊನೆಗೆ ನಮ್ಮವರು ಯಾರಾದರೂ ಮಾಡುವುದನ್ನೇ ಮಾಡಿದೆ. ಹಿಂದಿನ ಸೀಟು ಕಿತ್ತು ಆ ಜಾಗಕ್ಕೆ ಕಾಯಿ ಚೀಲ ಹೇರಿದೆ. ನಿನ್ನ ಬಾವಿ ಪಕ್ಕದ ಮರಗಳ ಕಾಯಿ. ಚಕ್ರ ನೆಲ ಕಚ್ಚಿತು. ಕಾರು ಎದ್ದಿತು ನೋಡು, ನನ್ನ ತಲೆ ಸೀಟಿಗೆ ಬಡಿದು ಕಣ್ಣಲ್ಲಿ ನೀರು ಬಂತು. ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ಗೊತ್ತಾಗಲಿಲ್ಲ.

ಪೂಜೆಯ ವಾರದಲ್ಲಿ ದೊಡ್ಡಪ್ಪನ ಮನೆಗೆ ಹೋಗಿ ಈ ಸಲ ನಮ್ಮ ಗಾಡಿಯೂ ಸಾಲಿಗೆ ನಿಲ್ಲುತ್ತದೆ ಅಂದೆ. ಮಹೇಶ ಕಾಫಿ ಕುಡಿಯುತ್ತಿದ್ದವನು ಉಗುಳಿದ. "ಬ್ಯಾಟ್ರಿ ಡಬ್ಬೀನಾ? ಅಕ್ಕಾ, ಅದ್ನ ತಳ್ಳಾಕೆ ಎಷ್ಟ್ ಜನ ಬೇಕು ಹೇಳು, ಕಳಿಸ್ತೀನಿ." ದೊಡ್ಡಪ್ಪ ಮೀಸೆಯಡಿ ನಕ್ಕ. "ನಿಂತ್ಕಳ್ಲಿ ಬುಡ್ಲಾ. ಜನಕ್ಕೂ ಒಂದ್ ನಗೆಯಾಗ್ತದೆ. ಎಲೆ ಹೆಂಗೂ ಅವಳೇ ಎತ್ಬೇಕು." ದೊಡ್ಡಮ್ಮ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಅವಳು ಒಳ್ಳೆಯವಳೋ ಕೆಟ್ಟವಳೋ ನಮಗೆ ಯಾವತ್ತಾದರೂ ಗೊತ್ತಾಗಿತ್ತಾ? ಆ ಮನೆಯಲ್ಲಿ ಅವಳ ಧ್ವನಿಯನ್ನೇ ನಾನು ಕೇಳಿರಲಿಲ್ಲ.

ಪೂಜಾರಿ ಕಾಯಿ ಎತ್ತಿದ. ಮಹೇಶನ ಗಾಡಿ ಗುರುಗುಟ್ಟುತ್ತಿತ್ತು, ಪಕ್ಕದಲ್ಲಿ ದೊಡ್ಡಪ್ಪ ಜರತಾರಿ ಪೇಟ ಸುತ್ತಿ ಕೂತಿದ್ದ. ನನ್ನದು ಸದ್ದೇ ಇಲ್ಲದೆ ನಿಂತಿತ್ತು. "ಸ್ಟಾರ್ಟ್ ಮಾಡೇ ತಾಯಿ, ಆಮೇಲೆ ಅಳ್ಬ್ಯಾಡ!" ಅಂತ ಯಾರೋ ಕೂಗಿದರು. ಕಾಯಿ ಒಡೆದ ಸದ್ದು ಬಂದದ್ದೇ ಒತ್ತಿದೆ. ಅವ್ವಾ, ಮಹೇಶ ಕ್ಲಚ್ಚು ಬಿಡುವಷ್ಟರಲ್ಲಿ ನಾನು ಹುಣಸೆಮರ ದಾಟಿದ್ದೆ. ಕನ್ನಡಿಯಲ್ಲಿ ಬರೀ ಕೆಂಧೂಳು, ಅದರೊಳಗೆ ಎಲ್ಲೋ ಅವನ ಹಾರನ್ನು. ನೀನು ಬಿದ್ದ ಜಾಗ ಬಂತು. ಅಲ್ಲಿ ಇನ್ನೂ ಒತ್ತಿದೆ. ಗೇಟು ಹೊಕ್ಕೆ, ಗುಡಿ ಮುಂದೆ ನಿಲ್ಲಿಸಿದೆ, ಇಳಿದು ಸೆರಗು ಸರಿಮಾಡಿಕೊಂಡೆ, ಆಮೇಲೆ ಬಂದರು. ನಕ್ಕಿದ್ದ ಜನವೆಲ್ಲ ತೋಟದಲ್ಲಿ ಮರ ಎಣಿಸುತ್ತಿದ್ದರು. ಮೊದಲ ಪೂಜೆ ನಿನ್ನ ಹೆಸರಿನಲ್ಲೇ ಮಾಡಿಸಿದೆ.

ಪಂಕ್ತಿಯಲ್ಲಿ ಕೂತಾಗ ನನ್ನ ಪಕ್ಕ ಒಂದು ಎಲೆ ಹೆಚ್ಚಿಗೆ ಹಾಕಿಸಿದೆ. "ಇದ್ಯಾರಿಗವ್ವಾ?" ಅಂದ ಬಡಿಸುವವನು. ನಮ್ಮವ್ವನಿಗೆ ಅಂದೆ. ಅನ್ನ, ಹುಳಿ, ಹೋಳಿಗೆ, ಪಾಯಸ, ಎಲ್ಲ ಬಡಿಸಿಸಿದೆ. ನಾನು ನಿಧಾನಕ್ಕೆ ಉಂಡೆ, ಎರಡನೇ ಸಲ ಮಜ್ಜಿಗೆ ಕೇಳಿದೆ. ಉಪ್ಪು ತಿಂದವನು ನೀರು ಕುಡಿಯುವುದನ್ನು ಕೂತು ನೋಡಬೇಕು ಅಂತಲೇ ಬಂದಿದ್ದೆನಲ್ಲ. ಆಗ ನೋಡುತ್ತೇನೆ, ಪಂಕ್ತಿಯ ಆ ತುದಿಯಲ್ಲಿ ಎಲೆ ಮಡಚುತ್ತಾ ಬರುತ್ತಿರುವವಳು ದೊಡ್ಡಮ್ಮ! ಬೆನ್ನು ಬಿಲ್ಲಿನ ಹಾಗೆ ಬಗ್ಗಿದೆ, ಒಂದು ಕೈ ಮಂಡಿ ಮೇಲೆ. ದೊಡ್ಡಪ್ಪ ಕಂಬಕ್ಕೆ ಒರಗಿ ಅಡಿಕೆ ಜಗಿಯುತ್ತಿದ್ದಾನೆ.

ನನಗೆ ಮೈಯೆಲ್ಲ ಉರಿದುಹೋಯಿತು. ಒಂದು ವರ್ಷ ಮೋಟಾರಿನ ಬಗ್ಗೆ ಯೋಚಿಸಿದವಳು ಇದನ್ನು ಯೋಚಿಸಲೇ ಇಲ್ಲವಲ್ಲ! ಯಾವ ಮನೆ ಸೋತರೂ ಬಗ್ಗುವುದು ಹೆಂಗಸೇ ತಾನೇ? ಹೋಗಿ ಅವಳ ಕೈ ಹಿಡಿದೆ. "ದೊಡ್ಡಮ್ಮ, ನೀ ಕುತ್ಕೋ. ನೀನು ಯಾರ್ಗೂ ಸೋತಿಲ್ಲ." ಆಮೇಲೆ ಕಂಬದ ಕಡೆ ತಿರುಗಿದೆ. "ದೊಡ್ಡಪ್ಪ, ಏಳು. ಎಲೆ ಎತ್ತು."

"ನಾನು ಯಜಮಾನ ಕಣೇ!" ಅಂದ.

"ಸೋತ ಮನೆ ಯಜಮಾನ. ಕಡಾಣಿ ಕಿತ್ತಿದ್ದು ನಿನ್ನ ಹೆಂಡ್ತಿ ಕೈಯಲ್ಲ, ನಿನ್ನ ಕೈ. ಬೀಗ್ರ ಮುಂದೆ ಹೇಳ್ಕಂಡೆಯಲ್ಲ, ಈಗ ಇವ್ರೆಲ್ಲರ ಮುಂದೆ ಇಲ್ಲ ಅನ್ನು ನೋಡಾಣ."

ಅವನು ಬೀಗರ ಮುಖ ನೋಡಿದ, ಬೀಗರು ತಮ್ಮ ಎಲೆ ನೋಡಿಕೊಂಡರು. ಮಹೇಶ ಎದ್ದು ಬಂದ, "ಅಕ್ಕಾ, ಆಳ್ ಕರಿಸ್ತೀನಿ ಬುಡು" ಅಂದ. ಪೂಜೆ ಮುಗಿದ ಮೇಲೆ ನನ್ನ ಕಾರನ್ನು ಗುಡಿ ಮುಂದಿನಿಂದ ತೆಗೆದು ಗೇಟಿಗೆ ಅಡ್ಡ ನಿಲ್ಲಿಸಿ ಬಂದಿದ್ದೆ, ಕೀಲಿ ಸೊಂಟದಲ್ಲಿತ್ತು. ಎಲೆ ಎದ್ದ ಮೇಲೆ ಗೇಟು ಬಿಡುತ್ತೇನೆ, ಇಲ್ಲದಿದ್ದರೆ ಎಲ್ಲರೂ ಇಲ್ಲೇ ಸಂಸಾರ ಹೂಡಿ ಅಂದೆ. ಕೊನೆಗೆ ಬಾಯಿ ಬಿಟ್ಟವನು ಪೂಜಾರಿ. "ಸೋತೋರು ಎತ್ತಾದು ದೇವ್ರ ಮುಂದಿನ ಮಾತು ಕಣ್ರೀ. ಎತ್ಬುಡಿ."

ಎತ್ತಿದ ಅವ್ವಾ. ಪೇಟ ತೆಗೆದಿಟ್ಟು, ಪಂಚೆ ಮೇಲೆ ಕಟ್ಟಿ, ಒಂದೊಂದಾಗಿ ಎತ್ತಿದ. ನಿನ್ನ ಎಲೆಯ ಹತ್ತಿರ ಬಂದಾಗ ನನ್ನ ಮುಖ ನೋಡಿದ. ನಾನು ಕಣ್ಣು ತೆಗೆಯಲಿಲ್ಲ. ತುಂಬಿದ ಎಲೆ, ಮಡಚಲು ಬರುವುದಿಲ್ಲ, ಎರಡು ಕೈಯಲ್ಲಿ ಹಿಡಿದು ಎದ್ದ. ಪಾಯಸ ಮಣಿಕಟ್ಟಿಗಿಳಿದು ಮೊಣಕೈವರೆಗೂ ಹರಿಯಿತು. ಕನಿಕರ ಬಂತಾ ಅಂತ ನೀನು ಕೇಳುತ್ತೀಯ. ಬರಲಿಲ್ಲ. ಹೊಟ್ಟೆ ತಣ್ಣಗಾಯಿತು. ನಿನ್ನಷ್ಟು ಒಳ್ಳೆಯವಳಾಗಿ ನನ್ನನ್ನು ಹೆರಲಿಲ್ಲ ನೀನು, ಏನು ಮಾಡಲಿ?

ಹೊರಡುವಾಗ ದೊಡ್ಡಮ್ಮ ಮಹೇಶನ ಗಾಡಿ ಹತ್ತಲಿಲ್ಲ. ನೇರ ಬಂದು ನನ್ನ ಕಾರಿನ ಮುಂದಿನ ಸೀಟಿನಲ್ಲಿ ಕೂತಳು. "ಕಮಲೀ, ನಾಕ್ ದಿನ ನಿಮ್ಮನೇಲಿರ್ತೀನಿ. ಅವ್ರು ಹೊಲ್ಡಾಕ್ ಮುಂಚೆ ಹೋಗ್ಬುಡಾಣ, ಜೋರಾಗಿ ಬುಡೇ" ಅಂದಳು. ಬಿಟ್ಟೆ. ಹುಣಸೆಮರ ದಾಟುವಾಗ ಚಿಕ್ಕ ಹುಡುಗಿಯ ಹಾಗೆ ಕಿರುಚಿಕೊಂಡು ನಕ್ಕಳು.

ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ. ನಿನ್ನ ಮಂಚದ ಮೇಲೇ ಮಲಗುತ್ತಾಳೆ, ಗೊರಕೆ ಮಾತ್ರ ನಿನಗಿಂತ ಜೋರು. ನಿನ್ನೆ ಹಾಲಿನವಳು ಆ ಮನೆಯ ಸುದ್ದಿ ತಂದಳು. ದೊಡ್ಡಪ್ಪ ಉಂಡ ತಟ್ಟೆ ಬಿಟ್ಟು ಏಳುತ್ತಿದ್ದನಂತೆ, ಮಹೇಶನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಕೇಳಿದಳಂತೆ.

"ಅಷ್ಟ್ ಜನದ ಎಲೆ ಎತ್ತಿದ್ ಕೈಗೆ ಒಂದ್ ತಟ್ಟೆ ಭಾರಾನಾ ಮಾವ?"

ನಿನ್ನ ಕಮಲಿ